ವಸಡಿನ ಬೇನೆಗೂ ಸೋರಿಯಾಸಿಸ್‌ಗೂ ಏನು ನಂಟು?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿರುವವರು, ಊರು ಕುಂದಾಪುರದ ಕಡೆ. ನಮ್ಮ ಮನೆಯವರು ಮುಂಬಯಿಯ ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಾರೆ. ವಯಸ್ಸು ಐವತ್ತು ದಾಟಿದೆ. ಬಹಳ ವರ್ಷಗಳಿಂದ ಮೊಣಕೈ, ಮೊಣಕಾಲು, ತಲೆಯಲ್ಲಿ ಸೋರಿಯಾಸಿಸ್ ಇದೆ. ಈಚೆಗೆ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತದೆ, ಬಾಯಿ ವಾಸನೆ ಬರುತ್ತದೆ, ಮುಂದಿನ ಎರಡು ಹಲ್ಲು ಅಲುಗಾಡುತ್ತಿವೆ. ಹಲ್ಲಿನ ಡಾಕ್ಟರು, ‘ವಸಡಿಗೆ ಚಿಕಿತ್ಸೆ ಮಾಡಿಸಿ, ಚರ್ಮಕ್ಕೂ ಒಳ್ಳೆಯದಾಗಬಹುದು’ ಅಂದರು. ಚರ್ಮದ ಡಾಕ್ಟರು ಬಾಯಿಯ ವಿಷಯ ಎಂದೂ ಎತ್ತಿಲ್ಲ. ಪಕ್ಕದ ಮನೆಯವರು, ಹಲ್ಲೆಲ್ಲ ಕೀಳಿಸಿಬಿಟ್ಟರೆ ಚರ್ಮ ತಾನಾಗಿ ಸರಿಯಾಗುತ್ತದೆ ಅನ್ನುತ್ತಾರೆ. ಯಾವುದನ್ನು ನಂಬಬೇಕು?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಂಟು ಇರುವುದು ನಿಜ. ನಿಮ್ಮ ಹಲ್ಲಿನ ಡಾಕ್ಟರು ‘ಒಳ್ಳೆಯದಾಗಬಹುದು’ ಅಂದಿದ್ದಾರೆ, ‘ಆಗುತ್ತದೆ’ ಅಂದಿಲ್ಲ. ಇವತ್ತಿನ ವೈದ್ಯಕೀಯ ತಿಳಿವಳಿಕೆ ನಿಂತಿರುವುದೂ ಅಲ್ಲಿಯೇ. ಪಕ್ಕದ ಮನೆಯವರ ಮಾತನ್ನು ಮಾತ್ರ ಕೇಳಬೇಡಿ. ಚರ್ಮದ ಸಲುವಾಗಿ ಹಲ್ಲು ಕೀಳಿಸುವ ಯೋಚನೆಯನ್ನು ಇವತ್ತೇ ಬಿಟ್ಟುಬಿಡಿ. ಆ ಸಲಹೆಯ ಹಿಂದೆ ನೂರು ವರ್ಷ ಹಳೆಯ ನೋವಿನ ಕಥೆಯೊಂದಿದೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ವಸಡು. ಹಲ್ಲಿನ ಬುಡದಲ್ಲಿ ದಿನವೂ ಮೆತ್ತನೆಯ ಪದರವೊಂದು ಅಂಟುತ್ತದೆ. ಅದರ ತುಂಬ ಬ್ಯಾಕ್ಟೀರಿಯಾ. ಉಜ್ಜಿ ತೆಗೆಯದಿದ್ದರೆ ಎಂಜಲಿನ ಕ್ಯಾಲ್ಸಿಯಂ ಸೇರಿ ಅದು ಗಟ್ಟಿ ಕಿಟ್ಟವಾಗುತ್ತದೆ. ಆಗ ವಸಡು ಕೆಂಪಾಗಿ ಊದಿಕೊಂಡು ರಕ್ತ ಜಿನುಗತೊಡಗುತ್ತದೆ. ಈ ಹಂತದಲ್ಲಿ ಕಿಟ್ಟ ತೆಗೆಸಿ ಚೆನ್ನಾಗಿ ಉಜ್ಜಿದರೆ ವಸಡು ಪೂರ್ತಿ ಮೊದಲಿನಂತಾಗುತ್ತದೆ. ಹಾಗೆಯೇ ಬಿಟ್ಟರೆ ಕೆಲವರಲ್ಲಿ ಉರಿಯೂತ ಕೆಳಗಿಳಿಯುತ್ತದೆ. ವಸಡಿಗೂ ಹಲ್ಲಿಗೂ ನಡುವೆ ಆಳವಾದ ಸಂದು ಬೀಳುತ್ತದೆ, ಹಲ್ಲನ್ನು ಹಿಡಿದಿರುವ ಎಲುಬು ಕರಗತೊಡಗುತ್ತದೆ. ಹಿಂದೆ ಪಯೋರಿಯಾ ಅನ್ನುತ್ತಿದ್ದುದು ಇದನ್ನೇ, ಈಗ ಪೆರಿಯೊಡಾಂಟೈಟಿಸ್ ಅನ್ನುತ್ತಾರೆ. ಹಲ್ಲು ಅಲುಗಾಡುತ್ತಿದೆ ಅಂದರೆ ನಿಮ್ಮ ಮನೆಯವರ ವಸಡಿನ ಬೇನೆ ಬಹುಶಃ ಈ ಎರಡನೆಯ ಹಂತಕ್ಕೆ ಬಂದಿದೆ. ಕರಗಿದ ಎಲುಬು ತಾನಾಗಿ ಮರಳಿ ಬೆಳೆಯುವುದಿಲ್ಲ. ಆದರೆ ಕರಗುವುದನ್ನು ನಿಲ್ಲಿಸಬಹುದು, ಅಲುಗಾಡುವ ಹಲ್ಲನ್ನು ಎಷ್ಟೋ ಸಲ ಉಳಿಸಿಕೊಳ್ಳಬಹುದು.

ಇಲ್ಲಿ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಎಲುಬನ್ನು ಹೆಚ್ಚಾಗಿ ಕರಗಿಸುವುದು ಬ್ಯಾಕ್ಟೀರಿಯಾ ಅಲ್ಲ. ಅದನ್ನು ಎದುರಿಸಲು ಹೊರಟ ನಮ್ಮದೇ ದೇಹದ ರೋಗನಿರೋಧಕ ವ್ಯವಸ್ಥೆ, ನಿಲ್ಲಬೇಕಾದಲ್ಲಿ ನಿಲ್ಲದೆ, ತನ್ನ ನೆಲವನ್ನೇ ಹಾಳುಮಾಡುತ್ತದೆ. ಬಾಯಿ ಅಷ್ಟೇ ಕೊಳೆಯಾಗಿರುವ ಇಬ್ಬರಲ್ಲಿ ಒಬ್ಬರ ಹಲ್ಲು ಎಂಬತ್ತರವರೆಗೂ ನಿಂತು ಇನ್ನೊಬ್ಬರದು ಐವತ್ತಕ್ಕೇ ಬೀಳುವುದು ಇದರಿಂದ.

ಸೋರಿಯಾಸಿಸ್ಸಿನ ಸ್ವಭಾವವೂ ಇದೇ. ಚರ್ಮದ ಜೀವಕೋಶ ತಳದಲ್ಲಿ ಹುಟ್ಟಿ ಮೇಲೆ ಬಂದು ಉದುರಲು ಸಾಮಾನ್ಯವಾಗಿ ಒಂದು ತಿಂಗಳ ಹತ್ತಿರ ಬೇಕು. ಸೋರಿಯಾಸಿಸ್ಸಿನಲ್ಲಿ ಅದು ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಬೆಳ್ಳಿಯಂಥ ಹೊಟ್ಟು ಪದರ ಪದರವಾಗಿ ಕಟ್ಟುವುದು ಆ ಅವಸರದಿಂದ. ಬಹುಕಾಲ ಇದನ್ನು ಬರೀ ಚರ್ಮದ ದೋಷವೆಂದೇ ತಿಳಿದಿದ್ದರು. 1979ರಲ್ಲಿ ಸೈಕ್ಲೋಸ್ಪೋರಿನ್ ಎಂಬ ಔಷಧ ಕೊಟ್ಟ ಕೀಲುರೋಗಿಗಳಲ್ಲಿ ಸೋರಿಯಾಸಿಸ್ ಇಳಿದದ್ದು ವೈದ್ಯರ ಗಮನಕ್ಕೆ ಬಂತು. ಅದು ರೋಗನಿರೋಧಕ ಕೋಶಗಳನ್ನು ಅಡಗಿಸುವ ಔಷಧ, ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಿರಲೆಂದು ಕೊಡುವಂಥದ್ದು. ರೋಗದ ಬೇರು ರಕ್ತದ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳಲ್ಲಿದೆ ಎಂಬ ಸುಳಿವು ಹಾಗೆ ಸಿಕ್ಕಿತು.

ಆಮೇಲೆ ಗೊತ್ತಾದದ್ದು ಈ ಕೋಶಗಳು ಒಂದಕ್ಕೊಂದು ಕಳಿಸುವ ರಾಸಾಯನಿಕ ಸಂದೇಶಗಳ ವಿಷಯ. ಇಂಟರ್‌ಲ್ಯೂಕಿನ್-23 ಎಂಬ ಸಂದೇಶ ಕೆಲವು ಟಿ ಕೋಶಗಳನ್ನು ಕೆರಳಿಸುತ್ತದೆ. ಕೆರಳಿದವು ಇಂಟರ್‌ಲ್ಯೂಕಿನ್-17 ಸುರಿಸುತ್ತವೆ. ಅದು ಚರ್ಮದಲ್ಲಿ ಜೀವಕೋಶಗಳನ್ನು ಅವಸರಿಸುತ್ತದೆ, ವಸಡಿನಲ್ಲಿ ಎಲುಬು ತಿನ್ನುವ ಕೋಶಗಳನ್ನು ಎಬ್ಬಿಸುತ್ತದೆ. ಜಾಗ ಬೇರೆ, ಸಂದೇಶ ಒಂದೇ.

ಇದಕ್ಕೆ ನನಗೆ ಎಲ್ಲಕ್ಕಿಂತ ಬಲವಾಗಿ ಕಾಣುವ ಪುರಾವೆ ದೊಡ್ಡ ಸಮೀಕ್ಷೆಯಿಂದ ಬಂದದ್ದಲ್ಲ, ಒಬ್ಬನೇ ಒಬ್ಬ ರೋಗಿಯಿಂದ ಬಂದದ್ದು. ಬಿಳಿ ರಕ್ತಕಣಗಳು ರಕ್ತನಾಳದಿಂದ ಹೊರಗೆ ಬರಲಾರದ ಒಂದು ಅಪರೂಪದ ಹುಟ್ಟು ಕಾಯಿಲೆಯಿದೆ. ಅದಿರುವ ಮಕ್ಕಳಿಗೆ ಎಳವೆಯಲ್ಲೇ ವಸಡು ಕೆಟ್ಟು ಹಲ್ಲು ಬೀಳುತ್ತವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವೈದ್ಯರು ಇಂಥ ಯುವಕನೊಬ್ಬನಿಗೆ ಯುಸ್ಟೆಕಿನುಮ್ಯಾಬ್ ಚುಚ್ಚುಮದ್ದು ಕೊಟ್ಟು, ಏನಾಯಿತೆಂಬುದನ್ನು 2017ರಲ್ಲಿ ಪ್ರಕಟಿಸಿದರು. ಅದು ಸೋರಿಯಾಸಿಸ್ಸಿಗೆಂದೇ ಬಂದ ಔಷಧ, ಇಂಟರ್‌ಲ್ಯೂಕಿನ್-23ರ ದಾರಿಯನ್ನು ತಡೆಯುತ್ತದೆ. ಯುವಕನ ವಸಡಿನ ಉರಿಯೂತ ಇಳಿಯಿತು. ಬೆನ್ನಿನ ಕೆಳಗೆ ಬಹುಕಾಲದಿಂದ ಮಾಯದೆ ಇದ್ದ ಗಾಯವೂ ಮಾಯಿತು. ಚರ್ಮದ ಔಷಧ ವಸಡನ್ನು ತಣಿಸಿದ ಈ ಒಂದು ಉದಾಹರಣೆ, ಬಾಯಿ ಬೇರೆ ಚರ್ಮ ಬೇರೆ ಎಂದುಕೊಂಡಿದ್ದ ನಮ್ಮ ತಿಳಿವಳಿಕೆಯನ್ನು ಅಲುಗಿಸುವಂಥದ್ದು.

ವಸಡಿನ ಬೇನೆ ಚರ್ಮವನ್ನು ಮುಟ್ಟಬಹುದಾದ ಇನ್ನೊಂದು ದಾರಿಯೂ ಇದೆ. ಪೆರಿಯೊಡಾಂಟೈಟಿಸ್ ಆದ ಬಾಯಿಯಲ್ಲಿ ಹಲ್ಲಿನ ಸುತ್ತಲಿನ ಸಂದುಗಳ ಒಳಮೈಯನ್ನು ಬಿಡಿಸಿ ಹರಡಿದರೆ 8ರಿಂದ 20 ಚದರ ಸೆಂಟಿಮೀಟರ್ ಆಗುತ್ತದೆ ಎಂದು 2001ರಲ್ಲಿ ಒಂದು ಅಂದಾಜು ಮಾಡಿದ್ದರು. ಅಷ್ಟು ಹುಣ್ಣು ಕೈಯ ಮೇಲಿದ್ದರೆ ನಾವು ಒಂದು ದಿನವೂ ಸುಮ್ಮನಿರುತ್ತಿರಲಿಲ್ಲ. ಬಾಯಿಯಲ್ಲಿ ನೋವಿಲ್ಲದ ಕಾರಣ ವರ್ಷಗಟ್ಟಲೆ ಬಿಡುತ್ತೇವೆ. ಅಲ್ಲಿಂದ ಅಗಿಯುವಾಗ, ಉಜ್ಜುವಾಗ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತವೆ. ರಕ್ತಪರೀಕ್ಷೆಯಲ್ಲಿ ಉರಿಯೂತದ ಗುರುತಾದ ಸಿಆರ್‌ಪಿ ತುಸು ಏರಿರುತ್ತದೆ. ದೇಹ ಸದಾ ಸಣ್ಣಗೆ ಕೆರಳಿಯೇ ಇರುತ್ತದೆ.

ದೂರದ ಸೋಂಕಿಗೆ ಸೋರಿಯಾಸಿಸ್ ಕೆರಳುತ್ತದೆ ಎಂಬುದೇನೂ ಹೊಸದಲ್ಲ. ಗಂಟಲಿಗೆ ಸ್ಟ್ರೆಪ್ಟೊಕಾಕಸ್ ಸೋಂಕು ತಗುಲಿದ ಎರಡು ಮೂರು ವಾರಕ್ಕೆ ಮಕ್ಕಳಿಗೆ ಮೈತುಂಬ ಹನಿಹನಿಯಂತೆ ಸೋರಿಯಾಸಿಸ್ ಏಳುವುದನ್ನು ಚರ್ಮವೈದ್ಯರೆಲ್ಲ ಬಲ್ಲರು. ಐಸ್‌ಲೆಂಡಿನಲ್ಲಿ, ಗಂಟಲು ಕೆಟ್ಟಾಗಲೆಲ್ಲ ಸೋರಿಯಾಸಿಸ್ ಉಲ್ಬಣಿಸುತ್ತಿದ್ದ 29 ಮಂದಿಯನ್ನು ಆರಿಸಿ, ಅವರಲ್ಲಿ 15 ಮಂದಿಯ ಟಾನ್ಸಿಲ್ ತೆಗೆದರು. 13 ಮಂದಿಗೆ ಚರ್ಮ ಗಮನಾರ್ಹವಾಗಿ ಸುಧಾರಿಸಿತೆಂದು 2012ರಲ್ಲಿ ವರದಿಯಾಯಿತು. ಗಂಟಲಿನ ವಿಷಯದಲ್ಲಿ ಆದದ್ದು ವಸಡಿನ ವಿಷಯದಲ್ಲೂ ಆಗಬಹುದಲ್ಲವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಅದನ್ನು ಹುಡುಕಿದವರಿದ್ದಾರೆ. ತೈವಾನಿನಲ್ಲಿ ಪೆರಿಯೊಡಾಂಟೈಟಿಸ್ ಇದ್ದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು, ಅಷ್ಟೇ ಸಂಖ್ಯೆಯ ಇಲ್ಲದವರ ಜೊತೆ ಐದು ವರ್ಷ ಹೋಲಿಸಿ ನೋಡಿದರು. 2012ರಲ್ಲಿ ಹೊರಬಂದ ಆ ಅಧ್ಯಯನದ ಪ್ರಕಾರ ವಸಡಿನ ಬೇನೆಯಿದ್ದವರಲ್ಲಿ ಹೊಸದಾಗಿ ಸೋರಿಯಾಸಿಸ್ ಕಾಣಿಸಿಕೊಳ್ಳುವ ಸಂಭವ ಸುಮಾರು ಒಂದೂವರೆ ಪಟ್ಟು. ವಸಡಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಆ ಹೆಚ್ಚಳ ತಗ್ಗಿತ್ತು, ಪೂರ್ತಿ ಅಳಿದಿರಲಿಲ್ಲ. ನಾರ್ವೆಯ 2014ರ ಒಂದು ಚಿಕ್ಕ ಅಧ್ಯಯನದಲ್ಲಿ ತಕ್ಕಮಟ್ಟಿಗೆ ಜೋರಾದ ಸೋರಿಯಾಸಿಸ್ ಇದ್ದವರಲ್ಲಿ ನೂರಕ್ಕೆ 24 ಮಂದಿಗೆ, ಇಲ್ಲದವರಲ್ಲಿ 10 ಮಂದಿಗೆ ಪೆರಿಯೊಡಾಂಟೈಟಿಸ್ ಕಂಡಿತು. ನಮ್ಮ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನ ತಂಡವೂ ಈ ಕೆಲಸ ಮಾಡಿ 2015ರಲ್ಲಿ ಪ್ರಕಟಿಸಿದೆ. ಸೋರಿಯಾಸಿಸ್ ಹೆಚ್ಚು ಜೋರಾಗಿದ್ದವರಲ್ಲಿ ವಸಡೂ ಹೆಚ್ಚು ಕೆಟ್ಟಿರುವುದು ಅವರಿಗೆ ಕಂಡುಬಂತು.

ಒಂದೂವರೆ ಪಟ್ಟು ಅಂದಾಗ ಗಾಬರಿ ಬೇಡ. ಮೂಲದಲ್ಲಿ ಸಂಭವ ಬಹಳ ಸಣ್ಣದಾಗಿರುವಾಗ ಅದರ ಒಂದೂವರೆ ಪಟ್ಟೂ ಸಣ್ಣದೇ. ವಸಡಿನಿಂದ ರಕ್ತ ಬರುವವರಲ್ಲಿ ಬಹುತೇಕರಿಗೆ ಸೋರಿಯಾಸಿಸ್ ಎಂದೂ ಬರುವುದಿಲ್ಲ. ಇಸುಬು, ಮುಖದ ರೊಸೇಶಿಯಾ, ಕಂಕುಳಲ್ಲಿ ಮತ್ತೆ ಮತ್ತೆ ಏಳುವ ಕೀವುಗಂಟುಗಳಿಗೂ ವಸಡಿಗೂ ಸಂಬಂಧ ಹುಡುಕುತ್ತಿದ್ದಾರೆ, ಆದರೆ ಅಲ್ಲಿನ ಪುರಾವೆ ಇನ್ನೂ ತೆಳು.

ಇನ್ನು, ಎರಡು ರೋಗ ಒಟ್ಟಿಗೆ ಕಾಣಿಸಿಕೊಂಡ ಮಾತ್ರಕ್ಕೆ ಒಂದು ಇನ್ನೊಂದನ್ನು ಹುಟ್ಟಿಸಿತು ಎನ್ನಲಾಗದು. ಎರಡಕ್ಕೂ ಹಿಂದಿನಿಂದ ನೀರೆರೆಯುವ ಮೂರನೆಯದೊಂದು ಇರಬಹುದು. ಮುಂಬಯಿಯಲ್ಲಿ ಬದುಕುವವರಿಗೆ ಆ ಮೂರನೆಯದು ಯಾವುದೆಂದು ಹೇಳಬೇಕಾಗಿಲ್ಲ: ತಂಬಾಕು. ಬೀಡಿ ಸಿಗರೇಟು ವಸಡನ್ನೂ ಕೆಡಿಸುತ್ತವೆ, ಸೋರಿಯಾಸಿಸ್ಸಿನ ಸಂಭವವನ್ನೂ ಏರಿಸುತ್ತವೆ. ಅಂಗೈ ಅಂಗಾಲಿನಲ್ಲಿ ಕೀವುಗುಳ್ಳೆ ಏಳುವ ಬಗೆಯಂತೂ ಬಹುಪಾಲು ಸೇದುವವರಲ್ಲೇ ಕಾಣುತ್ತದೆ. ಮಹಾರಾಷ್ಟ್ರ ಸರ್ಕಾರ 2012ರಲ್ಲಿ ಗುಟ್ಕಾ ನಿಷೇಧಿಸಿದರೂ ಸ್ಟೇಶನ್ನಿನ ಹೊರಗೆ ಉಗಿದ ಗುರುತು ಅಳಿದಿಲ್ಲ. ಅದಕ್ಕಿಂತ ನನ್ನನ್ನು ಕಾಡುವುದು ಮಿಶ್ರಿ. ತಂಬಾಕನ್ನು ಕಪ್ಪಗೆ ಹುರಿದು ಪುಡಿಮಾಡಿ ಬೆರಳಿನಿಂದ ಹಲ್ಲಿಗೂ ವಸಡಿಗೂ ಉಜ್ಜುವುದು ಮಹಾರಾಷ್ಟ್ರದ ಹೆಂಗಸರಲ್ಲಿ ಹಳೆಯ ರೂಢಿ. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿತು. ಮನೆಯಲ್ಲಿ ಹುರಿಯುವುದನ್ನು ಯಾವ ಕಾನೂನು ತಡೆದೀತು? ಹಲ್ಲಿಗೆ ಒಳ್ಳೆಯದೆಂದು ನಂಬಿಯೇ ಉಜ್ಜುತ್ತಾರೆ, ಆಮೇಲೆ ಅದು ಚಟವಾಗುತ್ತದೆ. ನಿಮ್ಮ ಮನೆಯವರು ಸೇದುತ್ತಾರೆಯೇ, ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುತ್ತಾರೆಯೇ ಎಂದು ನೀವು ಬರೆದಿಲ್ಲ. ಹೌದಾದರೆ ಎಲ್ಲಕ್ಕಿಂತ ಮೊದಲು ಬಿಡಬೇಕಾದದ್ದು ಅದು. ಸೇದುವವರ ವಸಡಿನಲ್ಲಿ ರಕ್ತನಾಳ ಸಂಕುಚಿಸಿ ರಕ್ತ ಬರುವುದು ಕಡಿಮೆ, ಹಾಗಾಗಿ ಒಳಗೆ ಎಲುಬು ಕರಗುತ್ತಿದ್ದರೂ ಹೊರಗೆ ಆರೋಗ್ಯವಾಗಿಯೇ ಕಾಣುತ್ತದೆ. ಬಿಟ್ಟ ಹೊಸದರಲ್ಲಿ ರಕ್ತ ಹೆಚ್ಚು ಬರಬಹುದು. ಬಿಟ್ಟದ್ದರಿಂದ ಕೆಟ್ಟಿತು ಎಂದುಕೊಂಡು ಮತ್ತೆ ಶುರುಮಾಡಬಾರದು.

ತಂಬಾಕಿನ ಜೊತೆಗೆ ಸಕ್ಕರೆ ಕಾಯಿಲೆ, ಬೊಜ್ಜು, ಮದ್ಯ ಕೂಡ ಎರಡೂ ರೋಗಗಳ ಬೆನ್ನಿಗಿವೆ. ಸಕ್ಕರೆಯ ಪರೀಕ್ಷೆ ಮಾಡಿಸಿ ವರ್ಷವಾಗಿದ್ದರೆ ಈಗಲೇ ಮಾಡಿಸಿ. ವಸಡಿಗೆ ಚಿಕಿತ್ಸೆಯಾದರೆ ರಕ್ತದ ಸಕ್ಕರೆ ಸ್ವಲ್ಪ ಇಳಿಯುತ್ತದೆ ಎಂಬುದು ಹಲವು ಪ್ರಯೋಗಗಳಿಂದ ಸಾಬೀತಾಗಿರುವ ಸಂಗತಿ. ಚರ್ಮದ ವಿಷಯದಲ್ಲಿ ಅಷ್ಟು ಗಟ್ಟಿ ಪ್ರಯೋಗಗಳು ಬರಬೇಕಷ್ಟೆ. ಸೋರಿಯಾಸಿಸ್ ಕೆಲವರಲ್ಲಿ ಬೆರಳ ಕೀಲುಗಳಿಗೂ ಇಳಿಯುತ್ತದೆ. ಬೆರಳು ಮಡಚಲಾಗದವರು ಬ್ರಷ್ ಸರಿಯಾಗಿ ಹಿಡಿಯಲಾರರು, ಹೀಗೆ ಚರ್ಮದ ರೋಗವೇ ಬಾಯಿಯನ್ನು ಕೆಡಿಸುವುದೂ ಉಂಟು. ಬೆಳಿಗ್ಗೆ ಎದ್ದಾಗ ನಿಮ್ಮ ಮನೆಯವರ ಬೆರಳು ಬಿಗಿಯಾಗಿರುತ್ತವೆಯೇ ಕೇಳಿ, ಹೌದಾದರೆ ಚರ್ಮದ ಡಾಕ್ಟರಿಗೆ ತಿಳಿಸಿ.

ಈಗ ಹಲ್ಲು ಕೀಳಿಸುವ ಮಾತು. ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1900ರಲ್ಲಿ ಬಾಯಿಯ ಕೀವೇ ಹಲವು ಕಾಯಿಲೆಗಳ ಮೂಲ ಎಂದು ಬರೆದರು. 1910ರಲ್ಲಿ ಮಾಂಟ್ರಿಯಲ್ಲಿನಲ್ಲಿ ಅದನ್ನೇ ಭಾಷಣವಾಗಿ ಹೇಳಿದಾಗ ಮಾತು ಅಮೆರಿಕದ ತುಂಬ ಹಬ್ಬಿತು. ಮುಂದಿನ ಎರಡು ಮೂರು ದಶಕ ಸಂಧಿವಾತವೆಂದು, ಚರ್ಮರೋಗವೆಂದು, ಕೊನೆಗೆ ಮನೋರೋಗವೆಂದೂ ಜನರ ಹಲ್ಲುಗಳನ್ನು ಕಿತ್ತರು. ಬಹುತೇಕರ ಕಾಯಿಲೆ ಹಾಗೇ ಉಳಿಯಿತು, ಹಲ್ಲು ಹೋಯಿತು. 1940ರ ಸುಮಾರಿಗೆ ವೈದ್ಯರೇ ಎಚ್ಚೆತ್ತು ಅದನ್ನು ಕೈಬಿಟ್ಟರು. ಬಿಟ್ಟವರು ಎಷ್ಟು ಪೂರ್ತಿ ಬಿಟ್ಟರೆಂದರೆ ಬಾಯಿಗೂ ಮೈಗೂ ಸಂಬಂಧವಿದೆ ಎನ್ನುವುದೇ ವೈದ್ಯರ ನಡುವೆ ಅರ್ಧ ಶತಮಾನ ಸಂಕೋಚದ ಮಾತಾಯಿತು. ನಿಮ್ಮ ಚರ್ಮದ ಡಾಕ್ಟರು ಬಾಯಿಯ ವಿಷಯ ಎತ್ತದಿರುವುದಕ್ಕೆ ಅವರನ್ನು ದೂರಬೇಡಿ. ಹಲ್ಲಿನ ಕಾಲೇಜು, ವೈದ್ಯಕೀಯ ಕಾಲೇಜು ಬೇರೆ ಬೇರೆಯಾಗಿರುವ ನಮ್ಮಲ್ಲಿ ಇಬ್ಬರೂ ಒಬ್ಬರ ಪುಸ್ತಕ ಇನ್ನೊಬ್ಬರು ಹೆಚ್ಚು ಓದದೆಯೇ ಡಾಕ್ಟರಾಗುತ್ತಾರೆ. ಇದು ಬದಲಾಗಬೇಕು ಎಂದು ನಾನು ನಿಜವಾಗಿ ಬಯಸುತ್ತೇನೆ. ಅಲ್ಲಿಯವರೆಗೆ ಇಬ್ಬರ ನಡುವೆ ಮಾಹಿತಿ ಸಾಗಿಸುವ ಕೆಲಸ ನಿಮ್ಮ ಪಾಲಿಗೇ ಬರುತ್ತದೆ.

ಹಲ್ಲಿನ ಡಾಕ್ಟರಿಗೆ ಚರ್ಮದ ಔಷಧದ ಚೀಟಿ ತೋರಿಸಲೇಬೇಕು. ಮೆಥೊಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇದು ಪ್ರಾಣದ ಪ್ರಶ್ನೆ. ಸೋರಿಯಾಸಿಸ್ಸಿಗೆ ಅದನ್ನು ಕೊಡುವುದು ವಾರಕ್ಕೊಮ್ಮೆ. ತಪ್ಪಿ ದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಹಲ್ಲುನೋವಿಗೆ ಬರೆಯುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆ ಅದರ ಮಟ್ಟವನ್ನು ರಕ್ತದಲ್ಲಿ ಏರಿಸಬಹುದು. ಕೋ-ಟ್ರೈಮಾಕ್ಸಜೋಲ್ ಎಂಬ ಆ್ಯಂಟಿಬಯೋಟಿಕ್ ಅದರ ಜೊತೆ ಬಹಳ ಅಪಾಯ. ಮೆಥೊಟ್ರೆಕ್ಸೇಟ್ ನಡೆಯುತ್ತಿರುವಾಗ ಬಾಯಿತುಂಬ ಹುಣ್ಣೆದ್ದರೆ ಖಾರ ಹೆಚ್ಚಾಯಿತೆಂದು ಸುಮ್ಮನಿರದೆ ಅಂದೇ ಡಾಕ್ಟರನ್ನು ಕಾಣಬೇಕು. ಇನ್ನು ಸೈಕ್ಲೋಸ್ಪೋರಿನ್. ಸೋರಿಯಾಸಿಸ್ಸಿನ ಗುಟ್ಟು ಬಿಡಿಸಿಕೊಟ್ಟ ಅದೇ ಔಷಧ ಕೆಲವರಲ್ಲಿ ವಸಡನ್ನು ಹಲ್ಲಿನ ಮೇಲೇರುವಷ್ಟು ಬೆಳೆಸುತ್ತದೆ. ರಕ್ತದೊತ್ತಡದ ಅಮ್ಲೋಡಿಪಿನ್ ಕೂಡ ಹಾಗೆ ಮಾಡುವುದುಂಟು. ಯಾವ ಔಷಧವನ್ನೂ ನೀವಾಗಿಯೇ ನಿಲ್ಲಿಸಬೇಡಿ. ಮುಖ್ಯವಾಗಿ ಸ್ಟೀರಾಯ್ಡ್ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಸೋರಿಯಾಸಿಸ್ ಮೈತುಂಬ ಕೀವುಗುಳ್ಳೆಯಾಗಿ ಕೆರಳಬಹುದು.

ವಸಡು ಕೆಂಪಾಗಿ ಸುಲಿದು ಉರಿಯುತ್ತಿದ್ದರೆ ಅದು ಕಿಟ್ಟದಿಂದಲೇ ಆದದ್ದೆಂದು ತಿಳಿಯಬಾರದು. ಲೈಕೆನ್ ಪ್ಲೇನಸ್ ಎಂಬ ಚರ್ಮರೋಗ ಕೆನ್ನೆಯ ಒಳಗೆ ಬಿಳಿ ಬಲೆಯಂಥ ಗೆರೆಗಳಾಗಿಯೂ ವಸಡಿನಲ್ಲಿ ಸುಲಿತವಾಗಿಯೂ ಕಾಣಿಸುತ್ತದೆ. ಪೆಂಫಿಗಸ್ ಎಂಬ ಗುಳ್ಳೆರೋಗ ಎಷ್ಟೋ ಜನರಲ್ಲಿ ಮೈಮೇಲೆ ಏಳುವುದಕ್ಕೆ ತಿಂಗಳುಗಳ ಮೊದಲೇ ಬಾಯಿಯಲ್ಲಿ ಶುರುವಾಗುತ್ತದೆ. ಇವಕ್ಕೆ ಎಷ್ಟು ಸಲ ಕ್ಲೀನಿಂಗ್ ಮಾಡಿಸಿದರೂ ಗುಣ ಕಾಣದು. ಚೂರು ತೆಗೆದು ಬಯಾಪ್ಸಿಗೆ ಕಳಿಸಿದರೆ ತಿಳಿಯುತ್ತದೆ. ನೀವು ಬರೆದ ಲಕ್ಷಣಗಳು ಅವನ್ನು ಸೂಚಿಸುವುದಿಲ್ಲ, ಆದರೂ ಕ್ಲೀನಿಂಗ್ ಆದ ಮೇಲೂ ಸುಲಿಯುವುದು ನಿಲ್ಲದಿದ್ದರೆ ಈ ಮಾತು ನೆನಪಿರಲಿ.

ಎಲ್ಲಿಗೆ ಹೋಗುವುದು? ಖರ್ಚಿನ ಚಿಂತೆಯಿದ್ದರೆ ನಿಮ್ಮ ಮನೆಯವರಿಗೆ ಅನುಕೂಲವಾದದ್ದು ಸರ್ಕಾರಿ ದಂತ ಕಾಲೇಜು, ಸಿಎಸ್‌ಎಂಟಿ ಹತ್ತಿರ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿದೆ. ಡೊಂಬಿವಲಿಯಿಂದ ದಿನವೂ ಬಂದಿಳಿಯುವ ಸ್ಟೇಶನ್ನಿನಿಂದ ನಡೆದುಕೊಂಡೇ ಹೋಗಬಹುದು. ಮುಂಬಯಿ ಸೆಂಟ್ರಲ್ ಬಳಿ ಪಾಲಿಕೆಯ ನಾಯರ್ ದಂತ ಆಸ್ಪತ್ರೆಯಿದೆ. ಎರಡರಲ್ಲೂ ವಸಡಿಗೇ ಬೇರೆ ವಿಭಾಗವುಂಟು, ಪೆರಿಯೊ ವಿಭಾಗ ಎಂದು ಕೇಳಿ. ಚರ್ಮಕ್ಕೆ ಪರೇಲಿನ ಕೆಇಎಂ, ಸಾಯನ್, ಜೆಜೆ ಆಸ್ಪತ್ರೆಗಳ ಒಪಿಡಿಗಳಿವೆ. ಎರಡೂ ಕಡೆಯ ಕೇಸ್ ಪೇಪರುಗಳನ್ನು ಒಂದೇ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಎಲ್ಲಿಗೆ ಹೋದರೂ ಜೊತೆಗೆ ಒಯ್ಯಿರಿ.

ಮನೆಯಲ್ಲಿ ಮಾಡಬೇಕಾದದ್ದು ಹೆಚ್ಚಿಲ್ಲ. ರಕ್ತ ಬರುತ್ತದೆಂದು ಉಜ್ಜುವುದನ್ನು ನಿಲ್ಲಿಸಬಾರದು, ರಕ್ತ ಬರುವುದು ಕೊಳೆ ಉಳಿದಿರುವುದರಿಂದ. ಮೆತ್ತನೆಯ ಬ್ರಷ್, ದಿನಕ್ಕೆ ಎರಡು ಸಲ, ಹಲ್ಲುಗಳ ಸಂದಿಗೆ ಸಣ್ಣ ಸಂದುಬ್ರಷ್. ಕ್ಯಾಂಟೀನ್ ಕೆಲಸದವರಿಗೆ ಕಷ್ಟವಾಗುವುದು ರಾತ್ರಿಯ ಉಜ್ಜಾಟ. ಕೊನೆಯ ಪಾತ್ರೆ ತೊಳೆದು, ಲೋಕಲ್ ಹಿಡಿದು, ನಿಂತೇ ಬಂದು ಮನೆ ಸೇರುವಾಗ ಹಾಸಿಗೆ ಕಂಡರೆ ಸಾಕೆನಿಸುವುದು ಸಹಜ. ಹೊರಡುವ ಮೊದಲು ಕ್ಯಾಂಟೀನಿನಲ್ಲೇ ಉಜ್ಜಿಕೊಂಡು ಹೊರಟರೆ ಆಯಿತು, ಒಂದು ಬ್ರಷ್ ಅಲ್ಲಿಯೇ ಇರಲಿ. ಅಲ್ಲಿ ಯಾರಾದರೂ ಅವರ ಮೊಣಕೈ ನೋಡಿ ಮುಖ ಸಿಂಡರಿಸಿದರೆ, ಅಡುಗೆ ಮುಟ್ಟಬೇಡಿ ಅಂದರೆ, ಧೈರ್ಯವಾಗಿ ಹೇಳಲಿ: ಸೋರಿಯಾಸಿಸ್ ಮುಟ್ಟಿದರೆ ಅಂಟುವ ರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ. ಸೆಕೆಯಲ್ಲೂ ತುಂಬುತೋಳಿನ ಅಂಗಿ ಹಾಕಿ ಮುಚ್ಚಿಕೊಳ್ಳುವ ಅಗತ್ಯ ಯಾರಿಗೂ ಬರಬಾರದು.

ವಸಡಿನ ಚಿಕಿತ್ಸೆ ಸಾಮಾನ್ಯವಾಗಿ ಬೇರಿನವರೆಗೆ ಕಿಟ್ಟ ತೆಗೆಯುವುದರಿಂದ ಶುರುವಾಗುತ್ತದೆ. ಜಾಗಕ್ಕೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಎರಡು ಮೂರು ಭೇಟಿಗಳಲ್ಲಿ ಮಾಡುತ್ತಾರೆ. ಆಮೇಲೆ ಎಂಟರಿಂದ ಹನ್ನೆರಡು ವಾರ ಕಳೆದು ಸಂದುಗಳ ಆಳವನ್ನು ಮತ್ತೆ ಅಳೆಯುತ್ತಾರೆ. ಶಸ್ತ್ರಚಿಕಿತ್ಸೆ ಬೇಕೇ ಎಂದು ತೀರ್ಮಾನವಾಗುವುದು ಆಗ. ನೀವೊಂದು ಕೆಲಸ ಮಾಡಿ. ಮೊದಲ ಕ್ಲೀನಿಂಗ್‌ಗೆ ಹೊರಡುವ ದಿನ ಬೆಳಿಗ್ಗೆ ಅವರ ಎರಡೂ ಮೊಣಕೈಗಳ, ಮೊಣಕಾಲುಗಳ ಫೋಟೋ ಕಿಟಕಿಯ ಬೆಳಕಿನಲ್ಲಿ ಮೊಬೈಲಿನಲ್ಲಿ ತೆಗೆದಿಡಿ. ಮತ್ತೆ ಅಳೆಯಲು ಕರೆದ ದಿನ ಅದೇ ಕಿಟಕಿಯ ಹತ್ತಿರ, ಅದೇ ಹೊತ್ತಿಗೆ ಇನ್ನೊಮ್ಮೆ ತೆಗೆಯಿರಿ. ಈ ನಡುವೆ ಚರ್ಮದ ಔಷಧ ಬದಲಾಗಿದ್ದರೆ ತಾರೀಖು ಬರೆದಿಟ್ಟುಕೊಳ್ಳಿ. ಎರಡೂ ಫೋಟೋಗಳನ್ನು ಇಬ್ಬರು ಡಾಕ್ಟರಿಗೂ ತೋರಿಸಿ.